ಓದುಗರ ಪ್ರಶ್ನೆ: ಕೋಡ್ ಬರೆಯುವಾಗ ಇಳಿಯುವ ಪಟ್ಟಿಯಲ್ಲಿ ಆ ಪುಟ್ಟ ಚಿತ್ರಗಳು ಯಾಕೆ?

ಪ್ರಶ್ನೆ: ಸರ, ನಾನು ಕಲಬುರಗಿಯಲ್ಲಿ ಬಿಸಿಎ ಓದುತ್ತಿದ್ದೇನೆ. ವಿಎಸ್ ಕೋಡ್ ಅನ್ನುವ ಎಡಿಟರ್‌ನಲ್ಲಿ (ಕೋಡ್ ಬರೆಯುವ ಸಾಫ್ಟ್‌ವೇರ್) ಪೈಥಾನ್ ಭಾಷೆಯಲ್ಲಿ ಬರೆಯುವಾಗ ಚುಕ್ಕಿ ಒತ್ತಿದ ಕೂಡಲೇ ಕೆಳಗೆ ಒಂದು ಪಟ್ಟಿ ಬರುತ್ತದೆ. ಒಂದೊಂದು ಹೆಸರಿನ ಮುಂದೆ ಒಂದೊಂದು ಚಿತ್ರ. ನೇರಳೆ ಡಬ್ಬಿ, ಪಾನಾ, ಕೆಲವು ಸಲ ಬರೇ ‘ಎಬಿಸಿ’. ಇವನ್ನೆಲ್ಲ ಕಲಿಯಬೇಕಾ, ಇಲ್ಲ ಸುಮ್ನೆ ಚಂದಕ್ಕೆ ಇಟ್ಟಿದ್ದಾರಾ?

ಉತ್ತರ: ಚಂದಕ್ಕಲ್ಲ. ಹಾಗಂತ ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯವೂ ಇಲ್ಲ. ಮೂರು ಗೊತ್ತಿದ್ದರೆ ದಿನದ ಕೆಲಸ ನಡೆಯುತ್ತದೆ. ನೀವು ಕೇಳಿದ ಮೂರೇ ಅವು, ಅದರಲ್ಲೂ ‘ಎಬಿಸಿ’ ಬಹಳ ಮುಖ್ಯ.

ಮೊದಲು ಡಬ್ಬಿ ಮತ್ತು ಪಾನಾ ನೋಡೋಣ. ಗಂಜಿನ (ಧಾನ್ಯ ಮಾರುಕಟ್ಟೆಯ) ಅಡತಿ ಅಂಗಡಿಗೆ ತೊಗರಿ ಚೀಟಿ ಮಾಡಿಕೊಡುವ ಒಂದು ಚಿಕ್ಕ ಪ್ರೋಗ್ರಾಂ ಅಂದುಕೊಳ್ಳಿ. ಚೀಟಿಯ ಮೇಲೆ ಇವತ್ತಿನ ವರ್ಷ ಬೇಕು, ಯಾವ ವಾರ ಅನ್ನುವುದೂ ಬೇಕು. ಪೈಥಾನ್‌ನ ಡೇಟ್‌ಟೈಮ್ ಮಾಡ್ಯೂಲ್‌ನಿಂದ (ಮಾಡ್ಯೂಲ್ ಅಂದರೆ ಮೊದಲೇ ಬರೆದಿಟ್ಟ ಕೋಡ್‌ನ ಕಟ್ಟು) ‘ಡೇಟ್’ ತರಿಸಿಕೊಂಡು ಹೀಗೆ ಬರೆದಿರಿ:

ಇಂದು = ಡೇಟ್.ಟುಡೇ()

(ಪೈಥಾನ್‌ನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ನೀವು ಇಂಗ್ಲಿಷ್‌ನಲ್ಲೇ ಹೊಡೆಯಿರಿ. ‘ಇಂದು’ ಮಾತ್ರ ನಿಜವಾಗಿಯೂ ಕನ್ನಡದಲ್ಲೇ ಇಡಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ವೇರಿಯಬಲ್ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ. ಪ್ರತಿ ಸಾಲಿಗೂ ಕೀಬೋರ್ಡ್ ಬದಲಿಸುತ್ತಾ ಕೂತರೆ ತಲೆ ಕೆಡುತ್ತದೆ, ಅದು ಬೇರೆ ಮಾತು.)

ಈಗ ‘ಇಂದು’ ಬರೆದು ಚುಕ್ಕಿ ಒತ್ತಿ. ಪಟ್ಟಿಯಲ್ಲಿ ‘ಇಯರ್’ ಮುಂದೆ ಪಾನಾ ಕಾಣುತ್ತದೆ, ‘ವೀಕ್‌ಡೇ’ ಮುಂದೆ ನೇರಳೆ ಡಬ್ಬಿ. ಪಾನಾ ಅಂದರೆ ಪ್ರಾಪರ್ಟಿ, ಅಂದರೆ ಆ ವಸ್ತುವಿನ ಹತ್ತಿರ ಇರುವ ಒಂದು ಬೆಲೆ. ಹೆಸರು ಬರೆದರೆ ಸಿಗುತ್ತದೆ, ಮುಂದೆ ಬ್ರಾಕೆಟ್ ಬೇಡ. ನೇರಳೆ ಡಬ್ಬಿ ಅಂದರೆ ಮೆಥಡ್ ಅಥವಾ ಫಂಕ್ಷನ್, ಅದು ಒಂದು ಕೆಲಸ. ಕೆಲಸ ಆಗಬೇಕಾದರೆ ಕರೆಯಬೇಕು, ಕರೆಯಲು ಬ್ರಾಕೆಟ್ ಬೇಕು. ಹಾಗಾಗಿ ಇಂದು.ಇಯರ್ ಸರಿ, ಇಂದು.ವೀಕ್‌ಡೇ() ಸರಿ.

ಉಲ್ಟಾ ಮಾಡಿದರೆ ಏನಾಗುತ್ತದೆ ಅಂತ ಒಮ್ಮೆ ಬೇಕೆಂತಲೇ ಮಾಡಿ ನೋಡಿ. ಇಂದು.ಇಯರ್() ಅಂತ ಬರೆದರೆ ಪ್ರೋಗ್ರಾಂ ಅಲ್ಲೇ ನಿಂತು ಟೈಪ್‌ಎರರ್ ಕೊಡುತ್ತದೆ, ‘ಇಂಟ್’ ಅನ್ನುವುದು ಕರೆಯುವ ವಸ್ತು ಅಲ್ಲ ಅಂತ. ಇದು ಒಳ್ಳೆಯ ತಪ್ಪು, ಕೂಡಲೇ ಸಿಕ್ಕಿಬೀಳುತ್ತದೆ. ಆದರೆ ಇಂದು.ವೀಕ್‌ಡೇ ಅಂತ ಬ್ರಾಕೆಟ್ ಬಿಟ್ಟು ಬರೆದರೆ ಪೈಥಾನ್ ಒಂದು ಮಾತೂ ಆಡುವುದಿಲ್ಲ. ಪ್ರೋಗ್ರಾಂ ಕೊನೆಯವರೆಗೂ ಓಡುತ್ತದೆ, ಚೀಟಿಯೂ ಬರುತ್ತದೆ, ವಾರ ಇರಬೇಕಾದ ಜಾಗದಲ್ಲಿ ‘ಬಿಲ್ಟ್ ಇನ್ ಮೆಥಡ್ ವೀಕ್‌ಡೇ’ ಅಂತ ಶುರುವಾಗಿ ಕೊನೆಗೆ 0ಎಕ್ಸ್ ಅಂತ ಉದ್ದನೆಯ ಏನೋ ಒಂದು ಅಚ್ಚಾಗಿರುತ್ತದೆ. ಅಡತಿಯವರು ಅದನ್ನು ಹಿಡಿದುಕೊಂಡು ಇದೇನ್ರೀ ಅಂತ ಕೇಳುತ್ತಾರೆ. ಪಟ್ಟಿಯಿಂದ ಆರಿಸುವಾಗ ಡಬ್ಬಿ ನೋಡಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. (ಬ್ರಾಕೆಟ್ ಹಾಕಿದ ಮೇಲೂ ಒಂದು ನೆನಪಿರಲಿ: ವೀಕ್‌ಡೇ ಕೊಡುವುದು ಅಂಕಿ, ಸೋಮವಾರಕ್ಕೆ 0, ಭಾನುವಾರಕ್ಕೆ 6.)

ಇನ್ನು ‘ಎಬಿಸಿ’. ಇದರ ಅರ್ಥ ಇಷ್ಟೇ: ಎಡಿಟರ್‌ಗೆ ಏನೂ ಗೊತ್ತಿಲ್ಲ. ನೀವು ತೆರೆದಿಟ್ಟ ಫೈಲ್‌ನಲ್ಲಿ ಈಗಾಗಲೇ ಇರುವ ಪದಗಳನ್ನೇ ಹೆಕ್ಕಿ, ಇದಿರಬಹುದೇನೋ ಅಂತ ಮುಂದಿಡುತ್ತಿದೆ. ಕಾಮೆಂಟ್‌ನಲ್ಲಿ ಬರೆದ ಪದವೂ ಅಲ್ಲಿ ಬರುತ್ತದೆ, ಒಮ್ಮೆ ತಪ್ಪಾಗಿ ಬರೆದ ಸ್ಪೆಲಿಂಗೂ ಬರುತ್ತದೆ, ಅದನ್ನೇ ಆರಿಸಿಕೊಂಡರೆ ತಪ್ಪು ಎರಡು ಕಡೆ ಆಗುತ್ತದೆ. ನೇರಳೆ ಡಬ್ಬಿಯನ್ನು ನಂಬಿದ ಹಾಗೆ ಎಬಿಸಿಯನ್ನು ನಂಬಬೇಡಿ.

ಲ್ಯಾಬ್‌ನಲ್ಲಿ ಕೆಲವರಿಗೆ ಎಲ್ಲದರ ಮುಂದೆಯೂ ಎಬಿಸಿಯೇ ಬರುತ್ತಿರುತ್ತದೆ, ಪಕ್ಕದವರಿಗೆ ಬಣ್ಣಬಣ್ಣದ ಚಿತ್ರ. ಆಗ ಕಿಟಕಿಯ ಕೆಳಗೆ ಬಲಮೂಲೆ ನೋಡಿ. ಅಲ್ಲಿ ‘ಪ್ಲೇನ್ ಟೆಕ್ಸ್ಟ್’ ಅಂತಿದ್ದರೆ ಫೈಲ್ ಇನ್ನೂ ಸೇವ್ ಆಗಿಲ್ಲ, ಇಲ್ಲವೇ ಹೆಸರಿನ ಕೊನೆಗೆ ಡಾಟ್ ಪೈ ಹಾಕಿಲ್ಲ. ಅಲ್ಲಿ ‘ಪೈಥಾನ್’ ಅಂತಿದ್ದೂ ಎಬಿಸಿಯೇ ಬಂದರೆ ಪೈಥಾನ್ ಎಕ್ಸ್‌ಟೆನ್ಶನ್ ಹಾಕಿಲ್ಲ ಅಂತ ಲೆಕ್ಕ. ಅದನ್ನು ಹಾಕಿದರೆ ಜೊತೆಗೆ ಪೈಲಾನ್ಸ್ ಅನ್ನುವುದೂ ಬರುತ್ತದೆ, ಕೋಡ್ ಓದಿ ಯಾವುದು ಏನು ಅಂತ ಗುರುತಿಸುವುದು ಅದೇ.

ಎಲ್ಲಾ ಸರಿ ಇದ್ದೂ ಒಂದು ಜಾಗದಲ್ಲಿ ಮಾತ್ರ ಎಬಿಸಿ ಬರುವುದುಂಟು. ಲೆಕ್ಕ(ರೈತ) ಅಂತ ಒಂದು ಫಂಕ್ಷನ್ ಬರೆದು, ಅದರೊಳಗೆ ‘ರೈತ’ ಮುಂದೆ ಚುಕ್ಕಿ ಒತ್ತಿ ಒಂದೆರಡು ಅಕ್ಷರ ಹೊಡೆಯಿರಿ. ಆ ‘ರೈತ’ ಅನ್ನುವುದು ಹೆಸರೋ, ಅಂಕಿಯೋ, ಪಟ್ಟಿಯೋ ಪೈಲಾನ್ಸ್‌ಗೆ ತಿಳಿಯುವುದು ಹೇಗೆ? ಎಬಿಸಿ ಬರಬಹುದು, ಇಲ್ಲವೇ ಏನೂ ಬರದೇ ಇರಬಹುದು. ಈಗ ಅದನ್ನೇ ಲೆಕ್ಕ(ರೈತ: ಎಸ್‌ಟಿಆರ್) ಅಂತ ಟೈಪ್ ಹೇಳಿ ಬರೆಯಿರಿ (ಎಸ್‌ಟಿಆರ್ ಅಂದರೆ ಅಕ್ಷರಗಳ ಸಾಲು, ಹೀಗೆ ಟೈಪ್ ಹೇಳುವುದೇ ಟೈಪ್ ಹಿಂಟ್). ಮತ್ತೆ ಚುಕ್ಕಿ ಒತ್ತಿದರೆ ಸಾಲುಸಾಲು ನೇರಳೆ ಡಬ್ಬಿ. ಟೈಪ್ ಹಿಂಟ್ ಯಾಕೆ ಬರೆಯಬೇಕು, ಅದಿಲ್ಲದೆಯೂ ಪ್ರೋಗ್ರಾಂ ಓಡುತ್ತದಲ್ವಾ ಅಂತ ಕೇಳುವವರಿಗೆ ನಾನು ಇದನ್ನೇ ಮಾಡಿ ತೋರಿಸುತ್ತೇನೆ, ಪಾಠ ಹೇಳುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಉಳಿದ ಚಿತ್ರಗಳು ಬೇಗ ಮುಗಿಯುತ್ತವೆ. ಚೌಕ ಬ್ರಾಕೆಟ್ ಇರುವ ನೀಲಿ ಚಿತ್ರ ವೇರಿಯಬಲ್. ಕಿತ್ತಳೆ ಬಣ್ಣದ್ದು ಕ್ಲಾಸ್. ಹೂ ಬ್ರಾಕೆಟ್ ಜೋಡಿ ಮಾಡ್ಯೂಲ್. ಯಾವುದು ಅಂತ ಗೊತ್ತಾಗದಿದ್ದರೆ ಪಟ್ಟಿ ತೆರೆದಿರುವಾಗಲೇ ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿ, ಪಕ್ಕದಲ್ಲಿ ವಿವರದ ಕಿಟಕಿ ತೆರೆಯುತ್ತದೆ. ಬರೆದಾದ ಹೆಸರಿನ ಮೇಲೆ ಮೌಸ್ ಇಟ್ಟರೂ ಅದು ಮೆಥಡ್ಡೋ ಪ್ರಾಪರ್ಟಿಯೋ ಅಂತ ಅಕ್ಷರದಲ್ಲೇ ಹೇಳುತ್ತದೆ.

ಒಂದು ವಿಷಯ ಕುತೂಹಲದ್ದು. ಪೈಲಾನ್ಸ್ ಈ ಚಿತ್ರಗಳನ್ನು ಕಳಿಸುವುದೇ ಇಲ್ಲ. ಭಾಷೆ ಅರ್ಥಮಾಡಿಕೊಳ್ಳುವ ಪ್ರೋಗ್ರಾಂ ಮತ್ತು ಎಡಿಟರ್ ಹೇಗೆ ಮಾತಾಡಬೇಕು ಅನ್ನುವುದಕ್ಕೆ ಲಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಅಂತ ಒಂದು ಕಟ್ಟುಪಾಡು ಇದೆ, ಮೈಕ್ರೋಸಾಫ್ಟ್ 2016ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದರಲ್ಲಿ ಪಟ್ಟಿಯ ಹೆಸರುಗಳನ್ನು 25 ಬಗೆ ಮಾಡಿ ಪ್ರತಿ ಬಗೆಗೂ ಒಂದು ನಂಬರ್ ಕೊಟ್ಟಿದ್ದಾರೆ: ಬರೇ ಪದಕ್ಕೆ 1, ಮೆಥಡ್‌ಗೆ 2, ಫಂಕ್ಷನ್‌ಗೆ 3, ವೇರಿಯಬಲ್‌ಗೆ 6, ಕ್ಲಾಸ್‌ಗೆ 7, ಪ್ರಾಪರ್ಟಿಗೆ 10. ಬರುವುದು ನಂಬರ್ ಮಾತ್ರ, ಅದಕ್ಕೆ ಯಾವ ಚಿತ್ರ ಅನ್ನುವುದು ಎಡಿಟರ್‌ನ ಇಷ್ಟ. ವಿಎಸ್ ಕೋಡ್ 2ಕ್ಕೂ 3ಕ್ಕೂ ಒಂದೇ ನೇರಳೆ ಡಬ್ಬಿ ಹಾಕುತ್ತದೆ. ನಿಮಗೆ ಮೆಥಡ್, ಫಂಕ್ಷನ್ ಬೇರೆಬೇರೆ ಕಾಣದಿರುವುದು ಅದಕ್ಕೇ.

ಬೇರೆ ಎಡಿಟರ್‌ಗೆ ಹೋದರೆ ಚಿತ್ರವೂ ಬೇರೆ. ಪೈಚಾರ್ಮ್‌ನಲ್ಲಿ ದುಂಡನೆಯ ಬಿಲ್ಲೆಯೊಳಗೆ ಇಂಗ್ಲಿಷ್ ಅಕ್ಷರ ಇರುತ್ತದೆ, ಕ್ಲಾಸ್‌ಗೆ ಸಿ, ಮೆಥಡ್‌ಗೆ ಎಂ. ಜಾವಾಗೆ ಎಕ್ಲಿಪ್ಸ್ ಬಳಸುವವರು ಇನ್ನೂ ಹುಷಾರಾಗಿರಬೇಕು, ಅಲ್ಲಿ ಮೆಥಡ್‌ನ ಚಿತ್ರ ಅದನ್ನು ಯಾರು ಮುಟ್ಟಬಹುದು ಅನ್ನುವುದನ್ನೂ ಹೇಳುತ್ತದೆ. ಪಬ್ಲಿಕ್ ಇದ್ದರೆ ಹಸಿರು ವೃತ್ತ, ಪ್ರೈವೇಟ್ ಇದ್ದರೆ ಕೆಂಪು ಚೌಕ, ಪ್ರೊಟೆಕ್ಟೆಡ್ ಇದ್ದರೆ ಹಳದಿ ವಜ್ರಾಕಾರ, ಏನೂ ಬರೆಯದಿದ್ದರೆ ನೀಲಿ ತ್ರಿಕೋನ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ್ದು. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರಿಗೂ ವೃತ್ತ ಮತ್ತು ಚೌಕ ಬೇರೆಯಾಗಿ ಕಾಣುತ್ತದೆ.

ಅದಕ್ಕೇ ವಿಎಸ್ ಕೋಡ್‌ನಲ್ಲೂ ಬಣ್ಣ ನೆನಪಿಡಬೇಡಿ, ಆಕಾರ ನೆನಪಿಡಿ. ಥೀಮ್ ಬದಲಿಸಿದರೆ ಬಣ್ಣ ಬದಲಾಗಬಹುದು, ಡಬ್ಬಿ ಡಬ್ಬಿಯಾಗಿಯೇ ಇರುತ್ತದೆ. ಎಡಗಡೆ ಫೈಲ್‌ಗಳ ಮುಂದೆ ಕಾಣುವ ಚಿತ್ರಗಳಿಗೂ ಇದಕ್ಕೂ ಸಂಬಂಧ ಇಲ್ಲ. ಅವು ಫೈಲ್‌ನ ಹೆಸರು ನೋಡಿ ಹಾಕಿದ್ದು, ಒಳಗೆ ಏನಿದೆ ಅಂತ ಓದಿ ಹಾಕಿದ್ದಲ್ಲ. ಜಾವಾ ಕೋಡ್ ಬರೆದು ಡಾಟ್ ಪೈ ಅಂತ ಸೇವ್ ಮಾಡಿದರೂ ಪೈಥಾನ್ ಚಿತ್ರವೇ ಬರುತ್ತದೆ.

ಪಟ್ಟಿಯಿಂದ ಆಚೆಗೂ ಈ ಚಿತ್ರಗಳಿಂದ ಉಪಯೋಗ ಇದೆ. ಪ್ರಾಜೆಕ್ಟ್‌ಗೆ ಸೀನಿಯರ್ ಕೊಟ್ಟ ಉದ್ದನೆಯ ಫೈಲ್ ಎಲ್ಲಿಂದ ಓದಬೇಕು ತಿಳಿಯದಿದ್ದರೆ ಕಂಟ್ರೋಲ್, ಶಿಫ್ಟ್, ಓ ಒಟ್ಟಿಗೆ ಒತ್ತಿ. ಆ ಫೈಲ್‌ನಲ್ಲಿರುವ ಕ್ಲಾಸ್, ಫಂಕ್ಷನ್, ವೇರಿಯಬಲ್ ಎಲ್ಲಾ ಚಿತ್ರದ ಜೊತೆ ಮೇಲೆ ಬರುತ್ತವೆ. ಅಲ್ಲಿ ಒಂದು ಕೋಲನ್ ಹೊಡೆದರೆ ಕ್ಲಾಸ್‌ಗಳೆಲ್ಲ ಒಂದು ಕಡೆ, ಫಂಕ್ಷನ್‌ಗಳೆಲ್ಲ ಒಂದು ಕಡೆ ಗುಂಪಾಗುತ್ತವೆ. ಕ್ಲಾಸ್‌ಗಳಿಂದ ಓದಲು ಶುರು ಮಾಡಿ.