ಅಣಬೆ ಕೊಯ್ದ ಚೀಲ ಬಣ್ಣದ ನೀರನ್ನು ಶುದ್ಧ ಮಾಡೀತೇ?

ಪ್ರಶ್ನೆ: ಕಿನ್ನಿಗೋಳಿಯ ಬಳಿ ಮನೆಯಲ್ಲೇ ಸೀರೆಯ ನೂಲಿಗೆ ಬಣ್ಣ ಹಾಕುತ್ತೇವೆ. ಅಣಬೆಯ ಕಿಣ್ವ ಬಣ್ಣವನ್ನು ಒಡೆಯುತ್ತದೆ ಎಂದು ಓದಿದೆ. ನೆರೆಮನೆಯವರು ಚಿಪ್ಪು ಅಣಬೆ ಕೊಯ್ದು ಎಸೆಯುವ ಬೈಹುಲ್ಲಿನ ಚೀಲಗಳನ್ನು ತೊಟ್ಟಿಗೆ ಹಾಕಿ, ಆ ನೀರನ್ನು ತೆಂಗಿನ ಬುಡಕ್ಕೆ ಬಿಡಬಹುದೇ?

ಉತ್ತರ: ನೀರು ತಿಳಿಯಾದೀತು. ಆದರೆ ತಿಳಿಯಾದ ಮಾತ್ರಕ್ಕೆ ತೆಂಗಿನ ಬುಡಕ್ಕೆ ಬಿಡಬೇಡಿ.

ನೀವು ಓದಿದ್ದು ನಿಜ. ಮಳೆಗಾಲದಲ್ಲಿ ಬಿದ್ದ ಮರ ಬೆಳ್ಳಗೆ, ನಾರುನಾರಾಗಿ ಕೊಳೆಯುವುದನ್ನು ನೀವು ಕಂಡಿರುತ್ತೀರಿ. ಮರವನ್ನು ಗಟ್ಟಿಯಾಗಿಡುವ ಲಿಗ್ನಿನ್ ಅನ್ನು ಅಲ್ಲಿ ಶಿಲೀಂಧ್ರ ಒಡೆದಿರುತ್ತದೆ. ಲಿಗ್ನಿನ್‌ಗೆ ಒಂದೇ ನಿಶ್ಚಿತ ರಚನೆಯಿಲ್ಲ. ಹಾಗಾಗಿ ಅದನ್ನು ಒಡೆಯುವ ಕಿಣ್ವಗಳು ಇಂಥದೇ ಅಣು ಬೇಕೆಂದು ಹಟ ಹಿಡಿಯುವುದಿಲ್ಲ. ಕೃತಕ ಬಣ್ಣಗಳಲ್ಲೂ ಅಂಥದೇ ಇಂಗಾಲದ ಉಂಗುರಗಳಿರುವುದರಿಂದ ಅವನ್ನೂ ಬಿಡುವುದಿಲ್ಲ. ಇವುಗಳಲ್ಲಿ ಲ್ಯಾಕೇಸ್ ಮುಖ್ಯವಾದದ್ದು. 1883ರಲ್ಲಿ ಜಪಾನಿನ ಮೆರುಗೆಣ್ಣೆ ಮರದ ಹಾಲಿನಲ್ಲಿ ಮೊದಲು ಕಂಡ ಈ ಕಿಣ್ವ ಚಿಪ್ಪು ಅಣಬೆಯಲ್ಲೂ ಇದೆ. ಅದರೊಳಗಿನ ನಾಲ್ಕು ತಾಮ್ರದ ಪರಮಾಣುಗಳು ಬಣ್ಣದಿಂದ ಎಲೆಕ್ಟ್ರಾನ್ ಕಿತ್ತು ಗಾಳಿಯ ಆಮ್ಲಜನಕಕ್ಕೆ ದಾಟಿಸುತ್ತವೆ, ಆಮ್ಲಜನಕ ನೀರಾಗುತ್ತದೆ. ಜೀನ್ಸ್ ಬಟ್ಟೆಯ ನೀಲಿಯನ್ನು ಮಾಸಿಸಲು ಕಾರ್ಖಾನೆಗಳು ಇದನ್ನೇ ಬಳಸುತ್ತವೆ.

ತೊಡಕು ನಿಮ್ಮ ತೊಟ್ಟಿಯ ನೀರಿನಲ್ಲಿದೆ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಕ್ಕೆ ಉಪ್ಪೂ ಸೋಡಾವೂ ಧಾರಾಳವಾಗಿ ಬೇಕು. ಉಪ್ಪಿನ ಕ್ಲೋರೈಡ್ ಲ್ಯಾಕೇಸ್‌ನ ತಾಮ್ರಕ್ಕೆ ಅಂಟಿಕೊಂಡು ಕೆಲಸ ಕೆಡಿಸುತ್ತದೆ. ಸೋಡಾದಿಂದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 10ರಿಂದ 11ರವರೆಗೆ ಏರುತ್ತದೆ. ಶಿಲೀಂಧ್ರದ ಲ್ಯಾಕೇಸ್‌ಗೆ ಸಾಮಾನ್ಯವಾಗಿ ಹುಳಿ ನೀರೇ ಹಿತ. ಆದ್ದರಿಂದ ನೂಲಿಗೆ ಬಣ್ಣ ಹಾಕಿದ ಮೊದಲ ತೊಟ್ಟಿಯ ನೀರನ್ನು ಬೇರೆಯಾಗಿಡಿ. ನಂತರದ ತೊಳೆನೀರಿನ ಮೇಲೆ ಮಾತ್ರ, ವಿನೆಗರ್‌ನಿಂದ ಪಿಎಚ್ 5ರ ಆಸುಪಾಸಿಗೆ ಇಳಿಸಿ, ಪ್ರಯೋಗ ಮಾಡಿ. ತೊಟ್ಟಿ ಆಳವಿರಬಾರದು, ಗಾಳಿಯಾಡಬೇಕು.

ಹುಲ್ಲು ನೀಲಿ ಕೆಂಪಾಗಿ ಕಂಡರೆ ಬಣ್ಣ ಒಡೆದಿಲ್ಲ, ನೀರು ಬಿಟ್ಟು ಹುಲ್ಲಿಗೆ ಅಂಟಿದೆ ಅಷ್ಟೇ. ಅಂಥ ಹುಲ್ಲನ್ನು ಗೊಬ್ಬರದ ಗುಂಡಿಗೆ ಸೇರಿಸಬೇಡಿ. ನನಗೆ ಹೆಚ್ಚು ಆತಂಕವಿರುವುದು ಇಲ್ಲೇ. ಆಜೋ ಬಣ್ಣಗಳು, ಅಂದರೆ ಎರಡು ಸಾರಜನಕ ಪರಮಾಣುಗಳ ಕೊಂಡಿಯಿರುವ ಕೃತಕ ಬಣ್ಣಗಳು, ಗಾಳಿಯಿಲ್ಲದ ಗುಂಡಿಯಲ್ಲಿ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕರೆ ಆರೊಮ್ಯಾಟಿಕ್ ಅಮೈನ್‌ಗಳೆಂಬ ಸಾರಜನಕವಿರುವ ರಾಸಾಯನಿಕಗಳಾಗುತ್ತವೆ. ಇವುಗಳಲ್ಲಿ ಬೆಂಜಿಡಿನ್‌ನಂತಹ ಕೆಲವು ಕ್ಯಾನ್ಸರ್ ತರುವಂಥವು, ಮತ್ತು ಆ ಹೊತ್ತಿಗೆ ನೀರಿಗೆ ಬಣ್ಣವೇ ಉಳಿದಿರುವುದಿಲ್ಲ! ಲ್ಯಾಕೇಸ್ ಆಜೋ ಕೊಂಡಿಯ ಸಾರಜನಕವನ್ನು ಅನಿಲವಾಗಿ ಹೊರಬಿಡಬಲ್ಲದು. ಈ ಕಿಣ್ವದ ಮೇಲೆ ನನಗಿರುವ ಭರವಸೆಗೆ ಅದೇ ಕಾರಣ. ಆದರೂ ಉಳಿದ ತುಣುಕುಗಳೆಲ್ಲ ನಿರಪಾಯಕಾರಿ ಎನ್ನುವಂತಿಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಬಾವಿ ಅಂಗಳದಲ್ಲೇ ಇರುತ್ತದೆ.

ಎರಡು ತಟ್ಟೆಗಳಲ್ಲಿ ಒದ್ದೆ ಬಟ್ಟೆಯ ಮೇಲೆ ಹೆಸರುಕಾಳು ಹರಡಿ. ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ನೀವು ತಿಳಿಗೊಳಿಸಿದ ನೀರು ಚಿಮುಕಿಸಿ, ಮೂರು ನಾಲ್ಕು ದಿನಗಳ ಮೇಲೆ ಬೇರಿನ ಉದ್ದ ಅಳೆಯಿರಿ. ಎರಡನೆಯದು ಗಿಡ್ಡವಾಗಿದ್ದರೆ ಆ ನೀರನ್ನು ಮಣ್ಣಿಗೆ ಬಿಡಲೇಬೇಡಿ. ಬೇರು ಚೆನ್ನಾಗಿ ಬಂದರೂ ಪ್ರಯೋಗಾಲಯದಲ್ಲಿ ಸಿಒಡಿ (ನೀರಿನಲ್ಲಿ ಕೊಳೆ ಎಷ್ಟಿದೆಯೆಂದು ತೋರಿಸುವ ಅಳತೆ), ಉಪ್ಪು ಮತ್ತು ಅಮೈನ್ ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ. ಖರ್ಚನ್ನು ನೇಕಾರರ ಸಂಘದವರೆಲ್ಲ ಸೇರಿ ಹಂಚಿಕೊಳ್ಳಬಹುದು.