ಹಳೇ ಕಪಾಟಿಗೆ ಸ್ಪೀಕರ್ ಕೂರಿಸುವುದು

ಪೆಟ್ಟಿಗೆಯಿಂದ ಬಿಚ್ಚಿದ ಒಂದು ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡು ಹಾಕಿ ನೋಡಿ. ಗಾಯಕರ ದನಿ ಕೇಳುತ್ತದೆ, ಪಿಟೀಲು ಕೇಳುತ್ತದೆ. ಮೃದಂಗದ ಎಡಗೈ ಪೆಟ್ಟು ಮಾತ್ರ ಇಲ್ಲವೇ ಇಲ್ಲ. ಈಗ ಒಂದು ದೊಡ್ಡ ರಟ್ಟಿನಲ್ಲಿ ಸ್ಪೀಕರಿನ ಅಳತೆಗೆ ತೂತು ಕೊರೆದು, ಅದರ ಹಿಂದೆ ಸ್ಪೀಕರನ್ನು ಒತ್ತಿ ಹಿಡಿಯಿರಿ. ಅದೇ ಹಾಡು, ಅದೇ ವಾಲ್ಯೂಮ್. ಆದರೆ ಎಡಗೈ ಪೆಟ್ಟು ಈಗ ಕೇಳತೊಡಗುತ್ತದೆ. ಖರ್ಚು ಸೊನ್ನೆ.

ಹೀಗೇಕಾಗುತ್ತದೆ? ಸ್ಪೀಕರಿನ ಕೋನ್, ಅಂದರೆ ನಡುಗಿ ಸದ್ದು ಹುಟ್ಟಿಸುವ ಬಟ್ಟಲಿನಾಕಾರದ ಹಾಳೆ, ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಅಂದರೆ ಒಂದೇ ಕೋನ್ ಎರಡು ಸದ್ದು ಹುಟ್ಟಿಸುತ್ತದೆ, ಒಂದು ಇನ್ನೊಂದಕ್ಕೆ ಪೂರ್ತಿ ಉಲ್ಟಾ. 10,000 ಹರ್ಟ್ಸ್, ಅಂದರೆ ಸೆಕೆಂಡಿಗೆ 10,000 ಸಲ ನಡುಗುವ ಸದ್ದಿನ ಅಲೆಯ ಉದ್ದ ಸುಮಾರು 3.4 ಸೆಂಟಿಮೀಟರ್. ಅಷ್ಟು ಚಿಕ್ಕ ಅಲೆ ಕೋನ್‌ನಿಂದ ನೇರ ಮುಂದಕ್ಕೆ ಹೋಗಿಬಿಡುತ್ತದೆ. 50 ಹರ್ಟ್ಸ್ ಅಲೆಯ ಉದ್ದ ಹೆಚ್ಚುಕಡಿಮೆ 7 ಮೀಟರ್. ಅಷ್ಟು ದೊಡ್ಡ ಅಲೆಗೆ ಅಂಗೈ ಅಗಲದ ಸ್ಪೀಕರ್ ಒಂದು ತಡೆಯೇ ಅಲ್ಲ. ಮುಂದಿನ ಒತ್ತಡ ಅಂಚನ್ನು ಬಳಸಿ ಹಿಂದಕ್ಕೆ ಹರಿಯುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ರಟ್ಟು ಮಾಡಿದ್ದು ಇಷ್ಟೇ: ಆ ಸುತ್ತುದಾರಿಯನ್ನು ಉದ್ದ ಮಾಡಿತು. ಹಳೆಯ ವಾಲ್ವ್ ರೇಡಿಯೊಗಳ ಮರದ ಪೆಟ್ಟಿಗೆ ಕೂಡ ಇದೇ ಕೆಲಸ ಮಾಡುತ್ತಿತ್ತು. ವಾಲ್ವ್‌ಗಳ ಬಿಸಿ ಹೊರಹೋಗಲಿ ಅಂತ ಅವುಗಳ ಬೆನ್ನಿನ ತುಂಬ ತೂತುಗಳಿರುತ್ತಿದ್ದವು. ಹಿಂದಿನ ಸದ್ದೂ ಅಲ್ಲಿಂದ ಹೊರಬರುತ್ತಿತ್ತು. ಹಾಗಾಗಿ ರೇಡಿಯೊ ದೊಡ್ಡದಿದ್ದಷ್ಟೂ ದನಿ ಗಂಭೀರ.

ಬೆನ್ನು ಪೂರ್ತಿ ಮುಚ್ಚಿಬಿಟ್ಟರೆ ಹಿಂದಿನ ಸದ್ದು ಒಳಗೇ ಉಳಿಯುತ್ತದೆ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೇ ಕಪಾಟು ಬೇಕಾಗುವುದು ಇದಕ್ಕೇ.

ಇಲ್ಲಿ ಒಂದು ನಂಬಿಕೆಯನ್ನು ಮೊದಲೇ ಬಿಡಿಸಿಕೊಳ್ಳಬೇಕು. ತೇಗದ ಪೆಟ್ಟಿಗೆಯಾದರೆ ನಾದ ಚೆನ್ನ, ಬೀಟೆಯಾದರೆ ಇನ್ನೂ ಚೆನ್ನ ಅಂತ ಬಹಳ ಜನ ತಿಳಿದಿದ್ದಾರೆ. ಈ ಮಾತು ವೀಣೆಗೆ ಸರಿ. ಹಲಸಿನ ಮರದಲ್ಲಿ ಕೊರೆದ ವೀಣೆಯ ಕೊಡ ತಂತಿಯ ಜೊತೆ ನಡುಗಬೇಕು, ಇಲ್ಲದಿದ್ದರೆ ತಂತಿಯ ಸದ್ದು ಪಕ್ಕದಲ್ಲಿ ಕೂತವರಿಗೂ ಮುಟ್ಟದು. ಸ್ಪೀಕರ್ ಪೆಟ್ಟಿಗೆಗೆ ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ. ಆ ವೀಣೆಯ ನಾದ ರೆಕಾರ್ಡಿಂಗ್‌ನಲ್ಲಿ ಆಗಲೇ ಇದೆ. ಕೋನ್ ಅದನ್ನು ಇದ್ದ ಹಾಗೆ ನುಡಿಸಬೇಕು, ಮರ ತನ್ನದೇನನ್ನೂ ಸೇರಿಸಬಾರದು. ಪೆಟ್ಟಿಗೆಯ ಮೈ ನಡುಗಿದರೆ ವೀಣೆಗೂ ಮಾತಿಗೂ ಡೊಳ್ಳಿಗೂ ಒಂದೇ ಬಣ್ಣ ಮೆತ್ತಿಕೊಳ್ಳುತ್ತದೆ. ಹಾಗಾಗಿ ದುಬಾರಿ ಮರಕ್ಕಾಗಿ ಹುಡುಕಬೇಕಿಲ್ಲ. ಗಟ್ಟಿಯಾಗಿ, ಗಾಳಿ ಆಡದಂತೆ ನಿಲ್ಲುವ ಪೆಟ್ಟಿಗೆ ಸಾಕು. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಸದ್ದು ಸಾಧ್ಯ ಅಂತ ನಾನು ನಂಬುವುದು ಈ ಕಾರಣಕ್ಕೆ. ಪೆಟ್ಟಿಗೆಗೆ ಬೇಕಾಗಿರುವುದು ದುಡ್ಡಿಗಿಂತ ಜಾಸ್ತಿ ತಾಳ್ಮೆ.

ಮಂಚದ ಪಕ್ಕ ಇಡುವಂಥ ಒಂದು ಬಾಗಿಲಿನ ಸಣ್ಣ ಕಪಾಟನ್ನೇ ತೆಗೆದುಕೊಳ್ಳೋಣ. ಒಳ ಅಳತೆ 40 ಸೆಂಟಿಮೀಟರ್ ಎತ್ತರ, 35 ಅಗಲ, 30 ಆಳ ಅಂತಿಟ್ಟುಕೊಳ್ಳಿ. ಅಂದರೆ 42 ಲೀಟರ್ ಗಾಳಿ. ಮೊದಲು ಗೆದ್ದಲು ಇದೆಯಾ ನೋಡಿ. ಇದ್ದರೆ ಆ ಕಪಾಟನ್ನು ಬಿಟ್ಟುಬಿಡಿ. ಆಮೇಲೆ ಹಿಡಿ, ಚಿಲಕ, ಬೀಗ, ಸದ್ದು ಮಾಡಬಲ್ಲ ಎಲ್ಲವನ್ನೂ ಬಿಚ್ಚಿ ತೆಗೆಯಿರಿ. ಬಾಗಿಲನ್ನು ಕೀಲಿನ ಮೇಲೆ ಹಾಗೇ ಬಿಡುವ ಆಸೆಯಾಗುತ್ತದೆ, ಬಿಡಬೇಡಿ. ಅದರ ಜಾಗಕ್ಕೆ 18 ಮಿಲಿಮೀಟರ್ ಪ್ಲೈವುಡ್ ಹಲಗೆ ಕೂರಿಸಿ, ಅಂಚಿಗೆ ಫೋಮ್ ಪಟ್ಟಿ ಅಂಟಿಸಿ, ಸುತ್ತ ಸ್ಕ್ರೂ ಹಾಕಿ ಬಿಗಿಯಿರಿ. ಸ್ಪೀಕರ್ ಕೂರುವುದು ಈ ಹಲಗೆಯಲ್ಲೇ.

ಹಳೇ ಕಪಾಟುಗಳಲ್ಲಿ ಅತಿ ದುರ್ಬಲ ಜಾಗ ಬೆನ್ನು. ಸಾಮಾನ್ಯವಾಗಿ ಅಲ್ಲಿ 4 ಮಿಲಿಮೀಟರ್ ಪ್ಲೈ ಬಡಿದಿರುತ್ತಾರೆ. ಹಲಗೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಗಟ್ಟಿತನ ಎಂಟು ಪಟ್ಟು. 4 ಮಿಲಿಮೀಟರ್ ತೆಗೆದು 18 ಹಾಕಿದರೆ ಸುಮಾರು 90 ಪಟ್ಟು! ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಲಾಭ ಕೊಡುವ ಹಲಗೆ ಬೇರೊಂದಿಲ್ಲ. ಉಳಿದ ಗೋಡೆಗಳಿಗೂ ಒಳಗಿನಿಂದ 9 ಮಿಲಿಮೀಟರ್ ಪ್ಲೈ ಅಂಟಿಸಬಹುದು. ಫೆವಿಕಾಲ್ ಪೂರ್ತಿ ಹರಡಿ, ಭಾರ ಹೇರಿ, ರಾತ್ರಿಯಿಡೀ ಬಿಡಿ. ಸುಮ್ನೆ ಮೊಳೆ ಹೊಡೆದರೆ ಎರಡು ಹಲಗೆ ಬೇರೆಬೇರೆಯಾಗೇ ಬಾಗುತ್ತವೆ, ಎಂಟು ಪಟ್ಟಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎದುರುಬದುರು ಗೋಡೆಗಳ ನಡುವೆ ಒಂದು ಮರದ ಪಟ್ಟಿ ಅಡ್ಡ ಕೊಡಿ, ನಟ್ಟನಡುವೆ ಬೇಡ, ಸ್ವಲ್ಪ ಪಕ್ಕಕ್ಕೆ ಸರಿಸಿ. ಬೆರಳ ಗಂಟಿನಿಂದ ತಟ್ಟಿದಾಗ ಢಬ್ ಅನ್ನುತ್ತಿದ್ದ ಗೋಡೆ ಟಕ್ ಅಂದರೆ ಅಲ್ಲಿಗೆ ಕೆಲಸ ಆಯಿತು.

ಇಷ್ಟೆಲ್ಲ ಆದಮೇಲೆ ಒಳಗೆ ಸುಮಾರು 35 ಲೀಟರ್ ಗಾಳಿ ಉಳಿಯುತ್ತದೆ. ಈ ಗಾಳಿ ಖಾಲಿ ಜಾಗ ಅಲ್ಲ, ಅದೊಂದು ಸ್ಪ್ರಿಂಗ್. ಸೈಕಲ್ ಪಂಪಿನ ಬಾಯಿ ಬೆರಳಿಂದ ಮುಚ್ಚಿ ಹಿಡಿ ಒತ್ತಿದರೆ ಅದು ವಾಪಸ್ ತಳ್ಳುತ್ತದಲ್ವಾ, ಪೆಟ್ಟಿಗೆಯ ಗಾಳಿ ಕೋನನ್ನು ಹಾಗೇ ತಳ್ಳುತ್ತದೆ. ಮೊದಮೊದಲು ಎಂಜಿನಿಯರುಗಳು ಇದನ್ನು ತೊಂದರೆ ಅಂತಲೇ ಕಂಡರು. ಇಂದಿನ ಸ್ಪೀಕರಿನ ಮೂಲ ರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಪ್ರಕಟಿಸಿದ್ದು 1925ರಲ್ಲಿ. ಆಮೇಲೆ ಬಹಳ ಕಾಲ ಆಳದ ಸ್ವರ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಅಮೆರಿಕದವರೇ ಆದ ಎಡ್ಗರ್ ವಿಲ್ಚರ್ ಈ ಯೋಚನೆಯನ್ನು ತಿರುಗಿಸಿ ಹಾಕಿದರು. ಕೋನ್ ಹಿಡಿದಿಡುವ ಬಟ್ಟೆ, ಕಾಗದದ ಅಂಚು ಒಳ್ಳೆಯ ಸ್ಪ್ರಿಂಗ್ ಅಲ್ಲ. ದೂರ ಎಳೆದಷ್ಟೂ ಅದರ ಬಿಗಿ ಅಡ್ಡಾದಿಡ್ಡಿಯಾಗುತ್ತದೆ, ಸ್ವರ ಒರಟಾಗುತ್ತದೆ. ಗಾಳಿ ಹಾಗಲ್ಲ, ಒತ್ತಿದಷ್ಟೇ ಅಳತೆಯಲ್ಲಿ ತಿರುಗಿ ಒತ್ತುತ್ತದೆ. ಹಾಗಾದರೆ ಅಂಚನ್ನು ಬೇಕೆಂದೇ ಸಡಿಲ ಬಿಟ್ಟು, ಸ್ಪ್ರಿಂಗಿನ ಕೆಲಸವನ್ನು ಗಾಳಿಗೇ ವಹಿಸಿದರೆ? 1954ರಲ್ಲಿ ಅವರ ಅಕೌಸ್ಟಿಕ್ ರಿಸರ್ಚ್ ಕಂಪನಿ ಎಆರ್-1 ಎಂಬ ಸ್ಪೀಕರ್ ತಂದಿತು. ಕಪಾಟಿನ ಶೆಲ್ಫ್‌ನಲ್ಲಿ ಕೂರುವ ಮುಚ್ಚಿದ ಪೆಟ್ಟಿಗೆಯಿಂದ ಅಷ್ಟು ಆಳದ ಸ್ವರ ಆಗಿನ ಜನಕ್ಕೆ ಹೊಸದು.

ಯಾವ ಸ್ಪೀಕರಿಗೆ ಎಷ್ಟು ಲೀಟರ್ ಬೇಕು ಅನ್ನುವ ಲೆಕ್ಕವನ್ನು ಹದಕ್ಕೆ ತಂದವರು ಆಸ್ಟ್ರೇಲಿಯಾದ ನೆವಿಲ್ ಥೀಲ್. ಅವರ ಪ್ರಬಂಧ ಬಂದದ್ದು 1961ರಲ್ಲಿ, ಅದು ಲೋಕದ ಗಮನಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ಸಿಡ್ನಿಯಲ್ಲೇ ಓದಿದ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ಬೆಳೆಸಿದರು. ಇವತ್ತು ಸ್ಪೀಕರ್ ಜೊತೆ ಬರುವ ಕಾಗದದಲ್ಲಿ ಥೀಲ್-ಸ್ಮಾಲ್ ಅಂತ ಒಂದು ಪಟ್ಟಿ ಇರುತ್ತದಲ್ಲ, ಅದು ಇವರದ್ದು. ಅದರಲ್ಲಿ ಮೂರು ಅಂಕಿ ಮುಖ್ಯ. ಎಫ್‌ಎಸ್ ಅಂದರೆ ಕೋನ್ ತಾನಾಗಿ ಅಲುಗಾಡುವ ಸ್ವರ. ಕ್ಯೂಟಿಎಸ್ ಅಂದರೆ ಆ ಅಲುಗಾಟ ಎಷ್ಟು ಹೊತ್ತು ಎಳೆಯುತ್ತದೆ ಅನ್ನುವ ಅಳತೆ. ವಿಎಎಸ್ ಅಂದರೆ ಕೋನಿನ ಅಂಚಿನಷ್ಟೇ ಬಿಗಿ ಇರುವ ಗಾಳಿಯ ಪ್ರಮಾಣ, ಲೀಟರಿನಲ್ಲಿ.

ಕಾರಿನ ಬಾಗಿಲಿನಿಂದ ಬಿಚ್ಚಿದ ಆರೂವರೆ ಇಂಚಿನ ಸ್ಪೀಕರ್ ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಸಿಗುತ್ತದೆ. ಅದರ ಎಫ್‌ಎಸ್ 65 ಹರ್ಟ್ಸ್, ಕ್ಯೂಟಿಎಸ್ 0.6, ವಿಎಎಸ್ 14 ಲೀಟರ್ ಅಂತಿಟ್ಟುಕೊಳ್ಳಿ. 14ನ್ನು 35ರಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. 1.18 ಬರುತ್ತದೆ. ಎಫ್‌ಎಸ್, ಕ್ಯೂಟಿಎಸ್ ಎರಡನ್ನೂ ಇದರಿಂದ ಗುಣಿಸಿ. ಪೆಟ್ಟಿಗೆಯೊಳಗೆ ಕೋನಿನ ಸ್ವರ 77 ಹರ್ಟ್ಸ್, ಕ್ಯೂ 0.71. ಈ 0.71ರ ಆಸುಪಾಸು ಬಂದರೆ ಸ್ವರ ಉಬ್ಬದೆ, ಬೇಗ ಸೊರಗದೆ, ಸಮವಾಗಿ ಕೆಳಗಿಳಿಯುತ್ತದೆ. ಅದೇ ಸ್ಪೀಕರನ್ನು ಅಂಗಡಿಯಲ್ಲಿ ಸಿಗುವಂಥ 10 ಲೀಟರಿನ ಅಂದದ ಡಬ್ಬದಲ್ಲಿ ಕೂರಿಸಿದರೆ 101 ಹರ್ಟ್ಸ್, ಕ್ಯೂ 0.93. ಎಲ್ಲ ಹಾಡಿನಲ್ಲೂ ಒಂದೇ ಥರದ ಗುಂಯ್. ಹಳೇ ಕಪಾಟು ದೊಡ್ಡದಾಗಿರುವುದು ಹೀಗೆ ವರವಾಗುತ್ತದೆ. ಕಾರಿನ ಸ್ಪೀಕರುಗಳಲ್ಲಿ ಬಹಳಷ್ಟಕ್ಕೆ ನಡುವೆಯೇ ಟ್ವೀಟರ್ (ಮೇಲಿನ ಸ್ವರಗಳ ಪುಟ್ಟ ಸ್ಪೀಕರ್) ಮತ್ತು ಅದರ ಕೆಪಾಸಿಟರ್ ಇರುವುದರಿಂದ, ಸ್ವರಗಳನ್ನು ಹಂಚಿಕೊಡುವ ಕ್ರಾಸ್‌ಓವರ್ ಖರ್ಚೂ ಉಳಿಯಿತು.

ಈಗ ನನಗೆ ಬಹಳ ಇಷ್ಟವಾದ ಭಾಗ. ಪೆಟ್ಟಿಗೆಯೊಳಗೆ ಹತ್ತಿ ತುಂಬುವುದು.

ಒಳಗಿನಿಂದ ಪ್ಲೈ ಅಂಟಿಸಿದ ಮೇಲೆ 38 ಸೆಂಟಿಮೀಟರ್ ದೂರದಲ್ಲಿ ಎದುರುಬದುರಾಗಿರುವ ಎರಡು ಗೋಡೆಗಳ ನಡುವೆ 450 ಹರ್ಟ್ಸ್ ಅಲೆ ಸರಿಯಾಗಿ ಕೂತುಬಿಡುತ್ತದೆ. ಮಾತಿನ ಸ್ವರಗಳು ಓಡಾಡುವ ಜಾಗವೇ ಅದು. ಹತ್ತಿ, ದಿಂಬಿನ ಫೈಬರ್ ಈ ಅಲೆಯನ್ನು ಹೀರುತ್ತವೆ. ಗೋಡೆಗೆ ಮಾತ್ರ ತೆಳ್ಳಗೆ ಅಂಟಿಸಿದರೆ ಪ್ರಯೋಜನ ಕಡಿಮೆ, ಯಾಕೆಂದರೆ ಗೋಡೆಯ ಹತ್ತಿರ ಗಾಳಿ ಅಲುಗುವುದೇ ಇಲ್ಲ. ಈ ಅಲೆಯಲ್ಲಿ ಗಾಳಿ ಜೋರಾಗಿ ಆಡುವುದು ಪೆಟ್ಟಿಗೆಯ ನಡುವೆ. ಹತ್ತಿ ಅಲ್ಲಿರಬೇಕು.

ಹತ್ತಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದರ ಕತೆ ನ್ಯೂಟನ್‌ನಿಂದ ಶುರುವಾಗುತ್ತದೆ. 1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯಾದಲ್ಲಿ ಅವನು ಗಾಳಿಯಲ್ಲಿ ಸದ್ದಿನ ವೇಗವನ್ನು ಲೆಕ್ಕ ಹಾಕಿದ. ಬಂದ ಉತ್ತರ ನಿಜವಾದ ವೇಗಕ್ಕಿಂತ ಸುಮಾರು 15 ಶೇಕಡಾ ಕಡಿಮೆ. ತಪ್ಪು ಎಲ್ಲಿದೆ ಅಂತ ತೋರಿಸಿದ್ದು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್, 1816ರಲ್ಲಿ. ಗಾಳಿ ಒತ್ತಿಕೊಂಡಾಗ ಚೂರು ಬಿಸಿಯಾಗುತ್ತದೆ. ಸದ್ದಿನ ಅಲೆ ಎಷ್ಟು ಬೇಗ ಹಾದುಹೋಗುತ್ತದೆಂದರೆ ಆ ಬಿಸಿ ಹರಡಲು ಪುರಸೊತ್ತೇ ಇಲ್ಲ. ಬಿಸಿ ಗಾಳಿ ಇನ್ನಷ್ಟು ಬಿಗಿಯಾಗಿ ತಳ್ಳುತ್ತದೆ, ಸದ್ದು ವೇಗವಾಗಿ ಓಡುತ್ತದೆ. ನ್ಯೂಟನ್ ಆ ಬಿಸಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಪೆಟ್ಟಿಗೆಗೆ ಹತ್ತಿ ತುಂಬಿ. ಗಾಳಿಯ ಪ್ರತಿ ಚೂರಿನ ಪಕ್ಕದಲ್ಲೂ ಒಂದು ಎಳೆ ಇರುತ್ತದೆ, ಬಿಸಿಯನ್ನು ಅದು ತಕ್ಷಣ ಹೀರಿಕೊಂಡು, ಗಾಳಿ ಸಡಿಲವಾದಾಗ ವಾಪಸ್ ಕೊಡುತ್ತದೆ. ಗಾಳಿ ಸ್ಪ್ರಿಂಗ್ ಮೆತ್ತಗಾಗುತ್ತದೆ. ಅಂದರೆ ಪೆಟ್ಟಿಗೆ ಇದ್ದದ್ದಕ್ಕಿಂತ ದೊಡ್ಡದಾದ ಹಾಗೆ ನಡೆದುಕೊಳ್ಳುತ್ತದೆ. ಸಿದ್ಧಾಂತದ ಗರಿಷ್ಠ ಮಿತಿ 1.4 ಪಟ್ಟು, ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಆದರೂ ಹಳೇ ದಿಂಬೊಂದು ನ್ಯೂಟನ್ ಲೆಕ್ಕ ಹಾಕಿದ ಗಾಳಿಯ ಹತ್ತಿರಕ್ಕೆ ನಮ್ಮ ಕಪಾಟಿನ ಗಾಳಿಯನ್ನು ಒಯ್ಯುತ್ತದೆ ಅನ್ನುವುದು ನನಗೆ ಈಗಲೂ ಬೆರಗು. ಬೂರುಗದ ಹತ್ತಿಯಾದರೆ ತೆಳು ಬಟ್ಟೆಯಲ್ಲಿ ಸುತ್ತಿಡಿ, ಎಳೆಗಳು ಹಾರಿ ಸ್ಪೀಕರಿನ ಕಾಯಿಲ್ (ಕೋನಿನ ಹಿಂದಿನ ತಂತಿ ಸುರುಳಿ) ಸಂದಿಗೆ ಸೇರಬಾರದು. ಗಿಡಿದು ತುಂಬಬೇಡಿ.

ಪೆಟ್ಟಿಗೆಗೆ ಕೊಳವೆ ಇಡುವ ದಾರಿಯೂ ಇದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವ ಸ್ವರದ ತತ್ವವೇ ಅಲ್ಲಿಯದೂ. 35 ಲೀಟರ್ ಪೆಟ್ಟಿಗೆಗೆ ಒಳವ್ಯಾಸ 7 ಸೆಂಟಿಮೀಟರ್ ಇರುವ ಪಿವಿಸಿ ಪೈಪನ್ನು 8 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ಕೂರಿಸಿದರೆ ಅದು ಸುಮಾರು 50 ಹರ್ಟ್ಸ್‌ಗೆ ನುಡಿಯುತ್ತದೆ, ಕೋನಿನ ಹಿಂದಿನ ಸದ್ದನ್ನು ತಿರುಗಿಸಿ ಮುಂದಿನದಕ್ಕೆ ಜೊತೆ ಮಾಡುತ್ತದೆ. ಆದರೆ ಇದಕ್ಕೆ ಕ್ಯೂಟಿಎಸ್ 0.3ರಿಂದ 0.4ರ ಆಸುಪಾಸಿನ ಸ್ಪೀಕರ್ ಬೇಕು. ನಾವು ಆರಿಸಿದ ಕಾರ್ ಸ್ಪೀಕರಿಗೆ ಮುಚ್ಚಿದ ಪೆಟ್ಟಿಗೆಯೇ ಸರಿ. ಅಂಕಿಅಂಶದ ಕಾಗದ ಸಿಗದ ಸ್ಪೀಕರಿಗೂ ಇದೇ ಮಾತು. ಮುಚ್ಚಿದ ಪೆಟ್ಟಿಗೆ ಸಣ್ಣಪುಟ್ಟ ಲೆಕ್ಕತಪ್ಪುಗಳನ್ನು ತಾಳಿಕೊಳ್ಳುತ್ತದೆ.

ಆಂಪ್ಲಿಫೈಯರ್ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಕ್ಲಾಸ್-ಡಿ ಬೋರ್ಡ್ ಸಿಗುತ್ತದೆ. ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಅದಕ್ಕೆ ಸಾಕು, ಬೋರ್ಡ್ ಅಷ್ಟು ವೋಲ್ಟ್ ತಾಳುತ್ತದೆಯೇ ಅಂತ ಮಾತ್ರ ಕೇಳಿಕೊಳ್ಳಿ. ಒಂದೇ ಪೆಟ್ಟಿಗೆಯಾದರೆ ಮೊಬೈಲಿನ ಸೆಟ್ಟಿಂಗ್‌ನಲ್ಲಿ ಮೋನೊ ಆಡಿಯೊ ಆರಿಸಿ, ಬೋರ್ಡಿನ ಒಂದೇ ಕಡೆಯಿಂದ ತಂತಿ ಎಳೆಯಿರಿ. ಎರಡು ಕಡೆಯ ತಂತಿಗಳನ್ನು ಒಟ್ಟಿಗೆ ಹೆಣೆದರೆ ಬೋರ್ಡ್ ಸುಡುತ್ತದೆ. ಡಬ್ಬದ ಮೇಲೆ ಬರೆದ ಸಾವಿರ ವ್ಯಾಟ್ ಪಿಎಂಪಿಒ ಇತ್ಯಾದಿಗೆ ಬೆಲೆ ಕೊಡಬೇಡಿ. ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟಿಗೆ ಸ್ಪೀಕರ್ ಎಷ್ಟು ಸದ್ದು ಕೊಡುತ್ತದೆ ಅನ್ನುವ ಅಂಕಿ. 86 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ 40 ವ್ಯಾಟಿನಲ್ಲಿ ಕೊಡುವ ಸದ್ದನ್ನು 92 ಡೆಸಿಬೆಲ್ ಸ್ಪೀಕರ್ 10 ವ್ಯಾಟಿನಲ್ಲೇ ಕೊಡುತ್ತದೆ.

ಎಲ್ಲ ಬಿಗಿದಾದ ಮೇಲೆ ಸೋರಿಕೆ ಹುಡುಕಬೇಕು. ಮಳೆಗಾಲ ಬೇಸಿಗೆಗಳಲ್ಲಿ ಹಿಗ್ಗಿ ಕುಗ್ಗಿದ ಹಳೇ ಮರದ ಸಂದುಗಳು ಕಣ್ಣಿಗೆ ಕಾಣದಷ್ಟು ಬಾಯಿ ಬಿಟ್ಟಿರುತ್ತವೆ. ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ 40 ಹರ್ಟ್ಸ್ ಸ್ವರವನ್ನು ಸಣ್ಣಗೆ ಹಾಕಿ, ಹಚ್ಚಿದ ಊದುಬತ್ತಿಯನ್ನು ಸಂದಿನ ಉದ್ದಕ್ಕೂ ನಿಧಾನ ಒಯ್ಯಿರಿ. ಹೊಗೆ ನಡುಗಿದ ಜಾಗದಲ್ಲಿ ಗಾಳಿ ಸೋರುತ್ತಿದೆ. ತಂತಿ ಹೊರಬರುವ ತೂತನ್ನು ಮರೆಯಬೇಡಿ. ಸಂದುಗಳಿಗೆ ಒಳಗಿನಿಂದ ಸಿಲಿಕೋನ್ ಮೆತ್ತಿ. ಆಮೇಲೆ ಸ್ವರವನ್ನು 30ರಿಂದ 500 ಹರ್ಟ್ಸ್‌ವರೆಗೆ ಮೆಲ್ಲಗೆ ಏರಿಸುತ್ತಾ ಕಿವಿಗೊಡಿ. ಯಾವುದೋ ಒಂದು ಸ್ವರಕ್ಕೆ ಮಾತ್ರ ಕಟಕಟ ಅಂದರೆ ಎಲ್ಲೋ ಒಂದು ಸ್ಕ್ರೂ ಸಡಿಲ ಇದೆ.

ಕೊನೆಯ ಪರೀಕ್ಷೆಗೆ ಹಾಡಿಗಿಂತ ಮಾತು ಒಳ್ಳೆಯದು. ಡೊಳ್ಳಿನ ಪೆಟ್ಟು ಚೂರು ಉಬ್ಬಿದರೂ ನಮಗೆ ಖುಷಿಯೇ ಆಗುತ್ತದೆ, ತಪ್ಪು ಅಂತ ಅನಿಸುವುದಿಲ್ಲ. ಮನುಷ್ಯರ ದನಿಯನ್ನು ಮಾತ್ರ ನಾವು ದಿನವಿಡೀ ಪೆಟ್ಟಿಗೆಯಿಲ್ಲದೆ ಕೇಳುತ್ತೇವೆ. ಆಕಾಶವಾಣಿಯ ವಾರ್ತೆ ಹಾಕಿ, ಗಂಡಸಿನ ದನಿಯಾದರೆ ಇನ್ನೂ ಒಳ್ಳೆಯದು. ಕೊಡದೊಳಗೆ ಬಾಯಿಟ್ಟು ಓದಿದಂತೆ ಕೇಳಿದರೆ ಪೆಟ್ಟಿಗೆಯನ್ನು ಮೂಲೆಯಿಂದ ಒಂದಡಿ ಈಚೆಗೆ ಎಳೆಯಿರಿ. ಮೂಲೆಯ ಎರಡು ಗೋಡೆ ಮತ್ತು ನೆಲ ಸೇರಿ ಕೆಳಗಿನ ಸ್ವರಗಳನ್ನು ಎತ್ತಿ ಕೊಡುತ್ತವೆ. ಆಗಲೂ ಹೋಗದಿದ್ದರೆ ಹಿಂದಿನ ಹಲಗೆ ಬಿಚ್ಚಿ ಇನ್ನಷ್ಟು ಹತ್ತಿ ಹಾಕಿ, ಮತ್ತೆ ವಾರ್ತೆ ಕೇಳಿ.