ನನ್ನ ಫೋಟೊ ಹಾಕ್ಕೊಂಡು ಯಾರೋ ಕಾಮೆಂಟ್ ಮಾಡ್ತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಕೋಲಾರ ಎಪಿಎಂಸಿಯ ಟೊಮೆಟೊ ರೇಟನ್ನು ದಿನಾ ಯೂಟ್ಯೂಬ್‌ಗೆ ಹಾಕುತ್ತೇನೆ. ನೋಡುವವರೆಲ್ಲ ಸುತ್ತಮುತ್ತಲ ರೈತರು. ಈಚೆಗೆ ವಿಡಿಯೋ ಹಾಕಿದ ಕೂಡಲೇ ‘ಸೂಪರ್ ಬ್ರೋ’, ಹಾರ್ಟ್ ಎಮೋಜಿ, ‘ಟೆಲಿಗ್ರಾಂಗೆ ಬನ್ನಿ’ ಅನ್ನುವ ಕಾಮೆಂಟುಗಳು ಬಂದು ಬೀಳುತ್ತಿವೆ. ಒಬ್ಬನಂತೂ ನನ್ನ ಫೋಟೊ, ನನ್ನ ಚಾನೆಲ್ ಹೆಸರು ಇಟ್ಟುಕೊಂಡು ರೈತರಿಗೆ ಉತ್ತರ ಕೊಡುತ್ತಿದ್ದಾನೆ. ಅಳಿಸಿ ಅಳಿಸಿ ಸಾಕಾಗಿದೆ. ಕಾಮೆಂಟೇ ಬಂದ್ ಮಾಡಿಬಿಡಲಾ?

ಉತ್ತರ: ಬಂದ್ ಮಾಡಬೇಡಿ. ‘ಇವತ್ತು ಸೆಕೆಂಡ್ಸ್ ಮಾಲು ಎಷ್ಟಕ್ಕೆ ಹೋಯ್ತಣ್ಣ’, ‘ನಾಳೆ ಐವತ್ತು ಬಾಕ್ಸ್ ತರ್ತೀವಿ, ಯಾವ ಮಂಡಿಗೆ ಹಾಕಲಿ’ ಅಂತ ಕೇಳುವವರು ಆಮೇಲೆ ಎಲ್ಲಿ ಕೇಳಬೇಕು? 15 ಕೆಜಿ ಬಾಕ್ಸಿನ ರೇಟು ಬೇರೆ ಕಡೆಯೂ ಸಿಗುತ್ತದೆ. ಈ ಮಾತುಕತೆ ಸಿಗುವುದಿಲ್ಲ.

ಮೊದಲು ಒಂದು ವಿಷಯ ಬಿಡಿಸಿ ನೋಡೋಣ. ನೀವು ಎರಡು ಥರದ ಕಾಟ ಹೇಳಿದ್ದೀರಿ. ಎರಡೂ ಒಂದೇ ಅಲ್ಲ.

‘ಸೂಪರ್ ಬ್ರೋ’ ಥರದ್ದು ಬರೀ ಕಸ. ಅದನ್ನು ಹಾಕುತ್ತಿರುವುದು ಮನುಷ್ಯನಲ್ಲ, ‘ಬಾಟ್’ ಅನ್ನುವ ಒಂದು ಪ್ರೋಗ್ರಾಂ. ನಿಮ್ಮ ಮೇಲೆ ಅದಕ್ಕೇನೂ ದ್ವೇಷವಿಲ್ಲ. ಹೊಸ ವಿಡಿಯೋ ಕಂಡರೆ ಸಾಕು, ಒಂದು ಕಾಮೆಂಟ್ ಎಸೆದು ಮುಂದೆ ಹೋಗುತ್ತದೆ. ಸ್ವಲ್ಪ ಜಾಣ ಬಾಟ್ ಆದರೆ, ಯಾರೋ ರೈತರು ಬರೆದು ಲೈಕ್ ಗಿಟ್ಟಿಸಿದ ಕಾಮೆಂಟನ್ನೇ ಅಕ್ಷರ ಬಿಡದೆ ನಕಲು ಮಾಡಿ ಹಾಕುತ್ತದೆ. ಬಾಕ್ಸಿನ ಮೇಲಿನ ಸಾಲಿಗೆ ಒಳ್ಳೆ ಹಣ್ಣು ಜೋಡಿಸುವ ಹಾಗೆ ಇದು. ಮಾತು ಸಾಚಾ ಆಗಿರುವುದರಿಂದ ಫಿಲ್ಟರಿಗೂ ಅನುಮಾನ ಬರುವುದಿಲ್ಲ. ಅಸಲಿ ಮಾಲು ಇರುವುದು ಪ್ರೊಫೈಲಿನಲ್ಲಿ. ಯಾರಪ್ಪಾ ಇದು ಅಂತ ನೀವು ಫೋಟೊ ಒತ್ತಬೇಕು, ಅಲ್ಲಿರುವ ಲಿಂಕಿಗೆ ಹೋಗಬೇಕು, ಅದಕ್ಕೆ ಬೇಕಿರುವುದು ಅಷ್ಟೇ. 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸ್ ಕಾಮೆಂಟುಗಳಲ್ಲಿ ಲಿಂಕ್ ಒತ್ತಿದರೆ ತೆರೆಯದ ಹಾಗೆ ಯೂಟ್ಯೂಬ್ ಮಾಡಿದೆ. ಹಾಗಾಗಿ ಈ ಪ್ರೊಫೈಲ್ ದಾರಿ, ಟೆಲಿಗ್ರಾಂ ಹೆಸರು, ಎಮೋಜಿ ಅಂಕಿಗಳಲ್ಲಿ ಬಿಡಿಸಿ ಬರೆದ ಫೋನ್ ನಂಬರ್ ಇವೇ ಜಾಸ್ತಿ ಕಾಣುತ್ತವೆ.

ನಿಮ್ಮ ಫೋಟೊ ಹಾಕಿಕೊಂಡವನದು ಬೇರೆ ಕಥೆ. ಅವನಿಗೆ ನೀವು ಬೇಕಿಲ್ಲ, ನಿಮ್ಮನ್ನು ನಂಬಿದವರು ಬೇಕು. ರೈತರೊಬ್ಬರು ‘ಒಳ್ಳೆ ಸಸಿ ಎಲ್ಲಿ ಸಿಗುತ್ತೆ ಸರ್’ ಅಂತ ಕೇಳುತ್ತಾರೆ. ಕೆಳಗೆ ನಿಮ್ಮದೇ ಮುಖ ಇರುವ ಉತ್ತರ ಬರುತ್ತದೆ: ‘ಅಭಿನಂದನೆ, ನಿಮಗೆ ಬಹುಮಾನ ಬಂದಿದೆ, ಟೆಲಿಗ್ರಾಂನಲ್ಲಿ ಮೆಸೇಜ್ ಮಾಡಿ.’ ಆಮೇಲೆ ಕೊರಿಯರ್ ಚಾರ್ಜು, ಟ್ಯಾಕ್ಸು ಅಂತ ದುಡ್ಡು ಕೀಳುತ್ತಾರೆ. ನನ್ನ ಪ್ರಕಾರ ನಿಮ್ಮ ಮುಕ್ಕಾಲು ಗಮನ ಇವನ ಮೇಲಿರಬೇಕು. ಮಿಕ್ಕ ಕಸ ಒಂದು ದಿನ ಹಾಗೇ ಬಿದ್ದಿದ್ದರೂ ಯಾರ ಗಂಟೂ ಹೋಗುವುದಿಲ್ಲ.

ಅವನನ್ನು ಗುರುತು ಹಿಡಿಯುವುದು ಕಷ್ಟವಲ್ಲ. ನಿಮ್ಮ ವಿಡಿಯೋ ಕೆಳಗೆ ನೀವೇ ಕಾಮೆಂಟ್ ಮಾಡಿದರೆ ನಿಮ್ಮ ಹೆಸರಿನ ಹಿಂದೆ ಬಣ್ಣದ ಪಟ್ಟಿ ಇರುತ್ತದೆ. ನಕಲಿಗೆ ಅದು ಸಿಗುವುದಿಲ್ಲ. ಇನ್ನೊಂದು, ಹ್ಯಾಂಡಲ್, ಅಂದರೆ @ ಗುರುತಿನಿಂದ ಶುರುವಾಗುವ ಚಾನೆಲ್ ವಿಳಾಸದ ಹೆಸರು. 2022ರ ಅಕ್ಟೋಬರ್‌ನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಒಂದು ಹ್ಯಾಂಡಲ್ ಒಬ್ಬರಿಗೇ. ಹೆಸರು, ಫೋಟೊ ಕದಿಯಬಹುದು, ಹ್ಯಾಂಡಲ್ ಕದಿಯಲು ಆಗುವುದಿಲ್ಲ. ಅದಕ್ಕೇ ಕೊನೆಗೊಂದು ಅಂಕಿಯನ್ನೋ ಅಡ್ಡಗೆರೆಯನ್ನೋ ಸೇರಿಸಿ ಹತ್ತಿರದ್ದೊಂದು ಮಾಡಿಕೊಂಡಿರುತ್ತಾನೆ. ಇದನ್ನು ವಿಡಿಯೋದಲ್ಲಿ ಬಾಯಿಬಿಟ್ಟು ಹೇಳಿ. ಬರೆದು ಹಾಕಿದ್ದನ್ನು ಓದದವರೂ ರೇಟ್ ಕೇಳಿಸಿಕೊಳ್ಳುತ್ತಾರೆ, ಅದರ ಜೊತೆ ಇದನ್ನೂ ಕೇಳಿಸಿಕೊಳ್ಳಲಿ. ‘ನಾನು ಯಾರನ್ನೂ ಟೆಲಿಗ್ರಾಂಗೆ ಕರೆಯುವುದಿಲ್ಲ, ಬಹುಮಾನ ಕೊಡುವುದಿಲ್ಲ’ ಅಂತ ನಿಮ್ಮ ಒಂದು ಕಾಮೆಂಟನ್ನು ಎಲ್ಲಕ್ಕಿಂತ ಮೇಲೆ ಕಾಣುವ ಹಾಗೆ ಪಿನ್ ಕೂಡ ಮಾಡಿ.

ಇನ್ನು ಅಳಿಸುವ ವಿಷಯ. ನೀವು ಕಾಮೆಂಟ್ ಅಳಿಸಿದರೆ ಆ ಒಂದು ಕಾಮೆಂಟ್ ಹೋಗುತ್ತದೆ, ಅಷ್ಟೇ. ಹಾಕಿದವನು ಹಾಗೇ ಇರುತ್ತಾನೆ. ಅದರ ಬದಲು ಪಕ್ಕದ ಮೂರು ಚುಕ್ಕೆ ಒತ್ತಿ, ಆ ಬಳಕೆದಾರನನ್ನೇ ಚಾನೆಲ್‌ನಿಂದ ‘ಹೈಡ್’ ಮಾಡಿ. ಆಮೇಲೆ ಅವನು ಏನು ಬರೆದರೂ ನಿಮ್ಮ ಚಾನೆಲ್‌ನಲ್ಲಿ ಯಾರಿಗೂ ಕಾಣುವುದಿಲ್ಲ. ಹೈಡ್ ಆಗಿದ್ದೇನೆ ಅನ್ನುವ ಸೂಚನೆಯೂ ಅವನಿಗೆ ಹೋಗುವುದಿಲ್ಲ. ಸ್ಪ್ಯಾಮ್ ಅಂತ ರಿಪೋರ್ಟ್ ಕೂಡ ಮಾಡಿ. ನಕಲಿ ಚಾನೆಲ್ ಆಗಿದ್ದರೆ ಅದರ ಪುಟಕ್ಕೇ ಹೋಗಿ, ಬೇರೆಯವರ ವೇಷ ಹಾಕಿದ್ದಾನೆ ಅನ್ನುವ ಕಾರಣ ಆರಿಸಿ ರಿಪೋರ್ಟ್ ಮಾಡಿ. ಉತ್ತರ ಕೊಟ್ಟು ಜಗಳಕ್ಕೆ ಮಾತ್ರ ನಿಲ್ಲಬೇಡಿ. ಬಾಟ್‌ಗೆ ಬೈದು ಏನು ಸುಖ, ಅಲ್ವಾ?

ಬರುವ ಮೊದಲೇ ತಡೆಯುವ ಕೆಲಸ ಯೂಟ್ಯೂಬ್ ಸ್ಟುಡಿಯೋದಲ್ಲಿ ಆಗುತ್ತದೆ. ಕಂಪ್ಯೂಟರ್‌ನಲ್ಲಿ ತೆರೆದರೆ ಸಲೀಸು. ಸೆಟ್ಟಿಂಗ್ಸ್‌ನ ಕಮ್ಯುನಿಟಿ ಭಾಗದಲ್ಲಿ ಲಿಂಕ್ ತಡೆಯುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಲಿಂಕ್ ಇರುವ ಕಾಮೆಂಟು ನಿಮ್ಮ ಒಪ್ಪಿಗೆಗೆ ಕಾಯುತ್ತಾ ನಿಲ್ಲುತ್ತದೆ. ಅಲ್ಲೇ ಬ್ಲಾಕ್ ಪದಗಳ ಪಟ್ಟಿಯೂ ಇದೆ. ಇದನ್ನು ತುಂಬುವಾಗ ಕೊಂಚ ತಾಳ್ಮೆ ಬೇಕು. ‘ಟೆಲಿಗ್ರಾಂ’ ಒಂದನ್ನೇ ಹಾಕಿದರೆ ‘ಟೆಲಿಗ್ರಾಮ್’ ನುಸುಳಬಹುದು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಹಾಕಿ ‘ಟೆಲಿಗ್ರಾ೦’ ಅಂತ ಬರೆದರೆ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಮೂರನ್ನೂ ಹಾಕಿ, ಇಂಗ್ಲಿಷ್ ಅಕ್ಷರದಲ್ಲೂ ಹಾಕಿ. ‘ಬಹುಮಾನ’, ‘ಡಬಲ್ ದುಡ್ಡು’ ಇರಲಿ. ನಿಮ್ಮ ಕಡೆ ತೆಲುಗಿನಲ್ಲಿ ಬರೆಯುವವರೂ ಇರುತ್ತಾರೆ, ಹಾಗಾಗಿ ಅದರ ಒಂದೆರಡು ಪದಗಳೂ ಇರಲಿ.

‘ನಂಬರ್’, ‘ಫೋನ್’, ‘ವಾಟ್ಸಾಪ್’ ಮಾತ್ರ ಹಾಕಬೇಡಿ. ಮಾಲು ಇದೆ, ಕಾಲ್ ಮಾಡಿ ಅಂತ ಬರೆಯುವವರು ನಿಮ್ಮ ರೈತರೇ. ಕಾಮೆಂಟನ್ನು ಎಷ್ಟು ಬಿಗಿಯಾಗಿ ಸೋಸಬೇಕು ಅನ್ನುವ ಆಯ್ಕೆಯಲ್ಲಿ ‘ಸ್ಟ್ರಿಕ್ಟ್’ ಮಟ್ಟದ ಬಗ್ಗೆಯೂ ನನಗೆ ಅದೇ ಅನುಮಾನ, ರೈತರ ಕಾಮೆಂಟೂ ಸಿಕ್ಕಿಬೀಳಬಹುದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ತೆಲುಗು ಬೆರೆಸಿ ಬರೆದದ್ದನ್ನು ಯಂತ್ರ ಸರಿಯಾಗಿ ಅಳೆಯುತ್ತದೆ ಅಂತ ನಂಬಿ ಕೂರಬೇಡಿ. ಬೇಸಿಕ್ ಮಟ್ಟದಲ್ಲೇ ಶುರು ಮಾಡಿ, ಸಾಲದಿದ್ದರೆ ಏರಿಸಿ. ದಿನಾ ಮಾತಾಡುವ ಗೊತ್ತಿರುವ ರೈತರನ್ನು ‘ಅಪ್ರೂವ್ಡ್’ ಪಟ್ಟಿಗೆ ಸೇರಿಸಿದರೆ ಅವರ ಕಾಮೆಂಟು ಈ ಜರಡಿಗೆಲ್ಲ ಸಿಗದೆ ನೇರ ಬರುತ್ತದೆ.

ತಡೆಹಿಡಿದ ಕಾಮೆಂಟುಗಳು 60 ದಿನದವರೆಗೆ ಅಲ್ಲಿರುತ್ತವೆ. ನೀವು ಅಷ್ಟು ದಿನ ಬಿಡಬೇಡಿ. ಹರಾಜಿನ ಪ್ರಶ್ನೆ ಮಾರನೇ ದಿನಕ್ಕೇ ಹಳತು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರನ್ನು ಮಾಡರೇಟರ್ ಮಾಡಿ. ಪಾಸ್‌ವರ್ಡ್ ಕೊಡಬೇಕಿಲ್ಲ, ಅವರವರ ಅಕೌಂಟಿನಿಂದಲೇ ನೋಡಿಕೊಳ್ಳಬಹುದು.

ಯಾರಾದರೂ ಈಗಾಗಲೇ ದುಡ್ಡು ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಲು ಹೇಳಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ದೂರು ಹೋದರೆ ತಡೆಯುವ ಅವಕಾಶ ಜಾಸ್ತಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಅಂಥ ಕಾಮೆಂಟನ್ನು ಸಿಟ್ಟಿನಲ್ಲಿ ಮೊದಲೇ ಅಳಿಸಬೇಡಿ. ನಕಲಿಯ ಹ್ಯಾಂಡಲ್, ಕೊಟ್ಟಿರುವ ನಂಬರ್, ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ಹೈಡ್ ಮಾಡಿ.